ಕೋಪ ತಣ್ಣಗಾಗುವ ಬಗೆ: ಉಪಶಮ–ಕ್ಷಯಗಳ ವಿವೇಚನೆ

‘ಕೂಲ್ ಡೌನ್’ ಎಂಬ ಇಂಗ್ಲಿಷ್ ಮಾತು ಈಗ ನಮ್ಮ ಮನೆಗಳಲ್ಲಿ ಕನ್ನಡದ ಮಾತಿನಷ್ಟೇ ಸಲೀಸಾಗಿ ಬಳಕೆಯಾಗುತ್ತಿದೆ. ಮಕ್ಕಳು ತಂದೆತಾಯಿಗಳಿಗೆ ಹೇಳುತ್ತಾರೆ, ಸಭೆಯಲ್ಲಿ ಅಧ್ಯಕ್ಷರು ಸದಸ್ಯರಿಗೆ ಹೇಳುತ್ತಾರೆ, ಅಂಗಡಿಯವರು ಸಿಟ್ಟಿಗೆದ್ದ ಗಿರಾಕಿಗೆ ಹೇಳುತ್ತಾರೆ. ಈ ಮಾತಿನ ಅರ್ಥವ್ಯಾಪ್ತಿ ದೊಡ್ಡದು. ಕಾದ ಯಂತ್ರವು ಬಿಸಿ ಕಳೆದುಕೊಳ್ಳುವುದು, ಓಡಿ ಬಂದವನು ನಿಧಾನವಾಗಿ ಹೆಜ್ಜೆ ಹಾಕಿ ಮೈಯನ್ನು ಸಹಜ ಸ್ಥಿತಿಗೆ ತಂದುಕೊಳ್ಳುವುದು, ಏರಿದ ಬೆಲೆ ಇಳಿಮುಖವಾಗುವುದು, ಕೆರಳಿದ ಮನಸ್ಸು ಶಾಂತವಾಗುವುದು – ಇವೆಲ್ಲಕ್ಕೂ ಅದೊಂದೇ ಮಾತು ಸಲ್ಲುತ್ತದೆ. ಇದರ ಸೋದರ ಪದವಾದ ‘ಕೂಲ್ ಆಫ್’ ಎಂಬುದು ಇದೇ ಅರ್ಥಗಳ ಜೊತೆಗೆ ಉತ್ಸಾಹ ಕುಂದುವುದನ್ನೂ ಸ್ನೇಹದ ಬಿಸುಪು ಆರುವುದನ್ನೂ ಸೂಚಿಸುತ್ತದೆ.

ಈ ಎರಡು ಮಾತುಗಳಲ್ಲಿ ಮೊದಲ ಪದ ಒಂದೇ, ಬಾಲ ಮಾತ್ರ ಬೇರೆ. ‘ಡೌನ್’ ಎಂದರೆ ಕೆಳಕ್ಕೆ, ‘ಆಫ್’ ಎಂದರೆ ಆಚೆಗೆ. ಬಿಸಿಯು ಕೆಳಗಿಳಿಯುವುದು ಒಂದು, ಬಿಸಿಯು ಬಿಟ್ಟುಹೋಗುವುದು ಇನ್ನೊಂದು. ಇಂಗ್ಲಿಷರು ಈ ವ್ಯತ್ಯಾಸವನ್ನು ನಿತ್ಯದ ಮಾತಿನಲ್ಲಿ ಇಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಾರೆಂದು ಹೇಳಲಾಗದು. ಆದರೆ ನಮ್ಮ ಕನ್ನಡದಲ್ಲಿ ಈ ಭೇದ ಹಳ್ಳಿಯ ಅಜ್ಜಿಗೂ ಗೊತ್ತು. ಮಗುವಿನ ಹಣೆ ಮುಟ್ಟಿ ನೋಡಿ ಆಕೆ ಹೇಳುತ್ತಾಳೆ: “ಜ್ವರ ಇಳಿದಿದೆ, ಇನ್ನೂ ಬಿಟ್ಟಿಲ್ಲ.” ಇಳಿದ ಜ್ವರ ಸಂಜೆಗೆ ಮತ್ತೆ ಏರಬಹುದು, ಬಿಟ್ಟ ಜ್ವರ ಏರುವುದಿಲ್ಲ. ಕೋಪದ ವಿಷಯದಲ್ಲಿಯೂ ಹೀಗೆಯೇ ಅಲ್ಲವೇ? ‘ಸಿಟ್ಟು ಇಳಿಯಿತು’ ಎನ್ನುವುದು ಸುಲಭ, ‘ಸಿಟ್ಟು ಬಿಟ್ಟೆ’ ಎನ್ನುವುದು ಕಷ್ಟ. ಇವೆರಡರ ನಡುವಿನ ಅಂತರವನ್ನು ನಮ್ಮ ಆಚಾರ್ಯರು ಬಹು ಹಿಂದೆಯೇ ವಿಚಾರ ಮಾಡಿದ್ದಾರೆ. ಆ ವಿಚಾರವು ಇಂದಿನ ನಮ್ಮ ಮನೆ, ಬಸದಿ, ಊರುಗಳ ಬಾಳಿಗೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ನೋಡುವುದೇ ಈ ಲೇಖನದ ಉದ್ದೇಶ.

ಕನ್ನಡದ ತಂಪು

ಬಿಸಿಲ ನಾಡಿನ ಭಾಷೆಯಲ್ಲಿ ತಂಪು ಎಂದರೆ ಸುಖ. ಹಿರಿಯರು ಹರಸುವಾಗ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎನ್ನುತ್ತಾರೆ. ಅಸೂಯೆಗೆ ‘ಹೊಟ್ಟೆಕಿಚ್ಚು’ ಎಂದೇ ಹೆಸರು. ಒಂದೇ ಹೊಟ್ಟೆ ಕಿಚ್ಚಿಗೂ ಮನೆ, ತಂಪಿಗೂ ಮನೆ. ‘ತಣಿ’ ಎಂಬ ಧಾತುವಿಗೆ ಶೀತಲವಾಗು ಎಂಬ ಅರ್ಥದ ಜೊತೆಗೆ ತೃಪ್ತಿ ಹೊಂದು ಎಂಬ ಅರ್ಥವೂ ಇದೆ. ಬೇಡಿಕೆ ತೀರಿದ ಮನಸ್ಸು ತಣಿಯುತ್ತದೆ, ತೀರದ ಮನಸ್ಸು ಉರಿಯುತ್ತದೆ.

‘ಆರು’ ಎಂಬ ಇನ್ನೊಂದು ಧಾತುವಿನ ವ್ಯಾಪ್ತಿ ಇನ್ನೂ ವಿಸ್ತಾರವಾದುದು. ಬಿಸಿ ಅನ್ನ ಆರುತ್ತದೆ, ಒದ್ದೆ ಬಟ್ಟೆ ಆರುತ್ತದೆ, ಗಾಯ ಆರುತ್ತದೆ, ದೀಪ ಆರುತ್ತದೆ. ಅನ್ನ ಆರಿದರೆ ಉಣ್ಣಲು ಹದ. ಗಾಯ ಆರಿದರೆ ಆರೋಗ್ಯ. ಆದರೆ ದೀಪ ಆರಿದರೆ ಕತ್ತಲೆ. ಆರುವುದೆಲ್ಲ ಒಳ್ಳೆಯದೂ ಅಲ್ಲ, ಆರುವುದೆಲ್ಲ ಕೆಟ್ಟದ್ದೂ ಅಲ್ಲ. ಆರಿದ್ದು ಯಾವುದು ಎಂಬುದನ್ನು ನೋಡಬೇಕು. ಕ್ರೋಧ ಆರಿದರೆ ಧರ್ಮ. ಕರುಣೆ ಆರಿದರೆ ಅಧರ್ಮ. ‘ತಣ್ಣಗಿದ್ದಾನೆ’ ಎಂದು ನಾವು ಹೊಗಳುವ ಮನುಷ್ಯನಲ್ಲಿ ಆರಿರುವುದು ಇವೆರಡರಲ್ಲಿ ಯಾವುದು ಎಂಬುದು ಹೊರನೋಟಕ್ಕೆ ತಿಳಿಯುವುದಿಲ್ಲ. ಶಾಂತನೂ ನಿರ್ದಯನೂ ದೂರದಿಂದ ಒಂದೇ ಬಗೆಯಾಗಿ ಕಾಣುತ್ತಾರೆ.

ಇವುಗಳ ಜೊತೆಗೆ ‘ಬೂದಿ ಮುಚ್ಚಿದ ಕೆಂಡ’ ಎಂಬ ಮಾತೂ ನಮ್ಮಲ್ಲಿದೆ. ಮೇಲೆ ಕೈಯಿಟ್ಟರೆ ಬೆಚ್ಚಗಿರುವ ಬೂದಿ, ಕೆದಕಿದರೆ ಕೆಂಡ. ಜೈನ ಸಿದ್ಧಾಂತದ ‘ಉಪಶಮ’ವನ್ನು ಅರಿಯಲು ಇದಕ್ಕಿಂತ ಸುಲಭವಾದ ಕನ್ನಡದ ದೃಷ್ಟಾಂತವಿಲ್ಲ.

ತಿಳಿಯಾದ ನೀರು, ಶುದ್ಧವಾದ ನೀರು

ನಮ್ಮ 24 ತೀರ್ಥಂಕರರಲ್ಲಿ ಹತ್ತನೆಯವರ ಹೆಸರೇ ಶೀತಲನಾಥ. ಅವರು ಗರ್ಭದಲ್ಲಿದ್ದಾಗ ತಾಯಿಯ ಕರಸ್ಪರ್ಶದಿಂದ ತಂದೆಯಾದ ದೃಢರಥ ಮಹಾರಾಜನ ದಾಹಜ್ವರ ಶಾಂತವಾಯಿತೆಂದೂ, ಅದರಿಂದಲೇ ಈ ಹೆಸರು ಬಂದಿತೆಂದೂ ಶ್ವೇತಾಂಬರ ಪರಂಪರೆಯ ಚರಿತೆಗಳು ಹೇಳುತ್ತವೆ. ಇನ್ನೊಬ್ಬರ ಉರಿಯನ್ನು ಶಮನಗೊಳಿಸುವ ಗುಣಕ್ಕೆ ನಮ್ಮ ಧರ್ಮದಲ್ಲಿ ಎಂತಹ ಸ್ಥಾನವಿದೆ ಎಂಬುದಕ್ಕೆ ಈ ನಾಮಧೇಯವೇ ಸಾಕ್ಷಿ.

ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯವು ಜೀವನ ಭಾವಗಳನ್ನು ಐದಾಗಿ ವಿಂಗಡಿಸುತ್ತದೆ: ಔಪಶಮಿಕ, ಕ್ಷಾಯಿಕ, ಮಿಶ್ರ, ಔದಯಿಕ, ಪಾರಿಣಾಮಿಕ. ಇವುಗಳಲ್ಲಿ ಮೊದಲ ಮೂರನ್ನು ವಿವರಿಸಲು ಪೂಜ್ಯಪಾದ ಆಚಾರ್ಯರು ತಮ್ಮ ‘ಸರ್ವಾರ್ಥಸಿದ್ಧಿ’ಯಲ್ಲಿ ಕೆಸರು ನೀರಿನ ಉದಾಹರಣೆ ಕೊಟ್ಟಿದ್ದಾರೆ. ಕದಡಿದ ನೀರಿಗೆ ಕತಕ, ಅಂದರೆ ಚಿಲ್ಲದ ಬೀಜವನ್ನು ತೇದು ಹಾಕಿದರೆ ಕೆಸರು ತಳಕ್ಕೆ ಇಳಿಯುತ್ತದೆ, ಮೇಲಿನ ನೀರು ತಿಳಿಯಾಗುತ್ತದೆ. ಇದು ಉಪಶಮ. ಆ ತಿಳಿನೀರನ್ನೇ ಬೇರೊಂದು ಶುದ್ಧ ಪಾತ್ರೆಗೆ ಬಗ್ಗಿಸಿಕೊಂಡರೆ ಅಲ್ಲಿ ಕೆಸರಿನ ಸಂಬಂಧವೇ ಇಲ್ಲ. ಇದು ಕ್ಷಯ. ಕಣ್ಣಿಗೆ ಎರಡೂ ನೀರು ಒಂದೇ ರೀತಿ ಸ್ವಚ್ಛ. ಪಾತ್ರೆಯನ್ನು ಅಲುಗಿಸಿದಾಗ ಮಾತ್ರ ವ್ಯತ್ಯಾಸ ಹೊರಬೀಳುತ್ತದೆ: ಒಂದು ಮತ್ತೆ ಕದಡುತ್ತದೆ, ಇನ್ನೊಂದು ಅಲುಗಿದರೂ ತಿಳಿಯಾಗಿಯೇ ಉಳಿಯುತ್ತದೆ.

ಗಂಗರ ಅರಸ ದುರ್ವಿನೀತನಿಗೆ ಪೂಜ್ಯಪಾದರು ಗುರುಗಳಾಗಿದ್ದರೆಂಬ ಪ್ರತೀತಿ ಕರ್ನಾಟಕದಲ್ಲಿ ಬಹುಕಾಲದಿಂದ ಇದೆ. ಆ ಗಂಗರ ಬಿರುದುಗಳಲ್ಲಿ ‘ನಂದಗಿರಿನಾಥ’ ಎಂಬುದು ಒಂದು. ಆ ನಂದಗಿರಿಯೇ ಇಂದಿನ ಚಿಕ್ಕಬಳ್ಳಾಪುರದ ನಂದಿ ಬೆಟ್ಟ. ಅದಕ್ಕೆ ಸೇರಿದಂತಿರುವ ಗೋಪಿನಾಥ ಬೆಟ್ಟದಲ್ಲಿ ಸುಮಾರು ಎಂಟನೆಯ ಶತಮಾನದ ಒಂದು ಜೈನ ಶಾಸನವಿದೆ. ಅಲ್ಲಿಯ ಅರ್ಹತ್ ಚೈತ್ಯವನ್ನು ದಾಶರಥಿ ರಾಮನು ಸ್ಥಾಪಿಸಿದನೆಂದೂ ಕುಂತಿಯು ಜೀರ್ಣೋದ್ಧಾರ ಮಾಡಿಸಿದಳೆಂದೂ ಅದು ಹೇಳುತ್ತದೆ. ಇಂದು ಬೆಂಗಳೂರಿನ ಜನ ಭಾನುವಾರದ ಮುಂಜಾನೆ ‘ಕೂಲ್’ ಆಗಲು ಹತ್ತುವ ಬೆಟ್ಟದ ಬಳಿಯಲ್ಲಿ ಒಂದು ಕಾಲಕ್ಕೆ ಬೇರೆ ಬಗೆಯ ತಂಪನ್ನು ಅರಸಿದವರು ಇದ್ದರೆಂಬುದು ಸ್ಮರಣೀಯ.

ಉಪಶಮ ಮತ್ತು ಕ್ಷಯಗಳ ಭೇದವು ಗುಣಸ್ಥಾನಗಳ ವಿಚಾರದಲ್ಲಿ ಇನ್ನೂ ತೀಕ್ಷ್ಣವಾಗುತ್ತದೆ. ಉಪಶಮ ಶ್ರೇಣಿಯನ್ನು ಏರಿದ ಮುನಿಯು ಹನ್ನೊಂದನೆಯದಾದ ‘ಉಪಶಾಂತಮೋಹ’ ಗುಣಸ್ಥಾನವನ್ನು ಮುಟ್ಟುತ್ತಾನೆ. ಅಲ್ಲಿ ಮೋಹವು ಪೂರ್ತಿ ಅಡಗಿದೆ. ಒಂದು ಎಳೆಯ ಕಷಾಯವೂ ಉದಯದಲ್ಲಿಲ್ಲ. ಆದರೂ ಅಲ್ಲಿ ಅಂತರ್ಮುಹೂರ್ತಕ್ಕಿಂತ ಹೆಚ್ಚು ಕಾಲ ನಿಲ್ಲಲಾಗದು. ತಳದ ಕೆಸರು ಮೇಲೇಳುತ್ತದೆ, ಮುನಿಯು ಕೆಳಗೆ ಜಾರುತ್ತಾನೆ. ಮೊದಲನೆಯ ಮಿಥ್ಯಾತ್ವದವರೆಗೂ ಜಾರುವುದು ಸಾಧ್ಯ. ಕ್ಷಪಕ ಶ್ರೇಣಿಯಲ್ಲಿ ಏರುವವನಾದರೋ ಈ ಹನ್ನೊಂದನೆಯ ಮೆಟ್ಟಿಲನ್ನು ತುಳಿಯುವುದೇ ಇಲ್ಲ. ಹತ್ತರಿಂದ ನೇರವಾಗಿ ಹನ್ನೆರಡನೆಯದಾದ ‘ಕ್ಷೀಣಮೋಹ’ಕ್ಕೆ ಹೋಗುತ್ತಾನೆ, ಅಲ್ಲಿಂದ ಪತನವಿಲ್ಲ. ಇದರ ತಾತ್ಪರ್ಯ ಗಂಭೀರವಾದುದು. ಪೂರ್ಣವಾದ ಶಾಂತಿಯೂ, ಅದು ಅಡಗಿಸಿ ಪಡೆದದ್ದಾದರೆ, ನಂಬಲು ತಕ್ಕುದಲ್ಲ. ವೀತರಾಗತೆಯ ಅಷ್ಟು ಸಮೀಪಕ್ಕೆ ಹೋದ ಮುನಿಗೇ ಈ ಎಚ್ಚರಿಕೆ ಇರುವಾಗ, ಒಂದು ಲೋಟ ನೀರು ಕುಡಿದು ‘ನನ್ನ ಸಿಟ್ಟು ಹೋಯಿತು’ ಎನ್ನುವ ನಮ್ಮ ಮಾತಿಗೆ ಎಷ್ಟು ಬೆಲೆ?

ಕೋಪದ ಆಯುಷ್ಯ

ಕೋಪ ಎಷ್ಟು ಆಳವಾದುದು ಎಂಬುದನ್ನು ಅದರ ಬಿಸಿಯಿಂದಲ್ಲ, ಅದರ ಬಾಳಿಕೆಯಿಂದ ಅಳೆಯಬೇಕೆಂಬುದು ನಮ್ಮ ಶಾಸ್ತ್ರಕಾರರ ಮತ. ಹತ್ತನೆಯ ಶತಮಾನದಲ್ಲಿ ಚಾವುಂಡರಾಯನ ನಿಮಿತ್ತವಾಗಿ ‘ಗೊಮ್ಮಟಸಾರ’ವನ್ನು ರಚಿಸಿದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಕ್ರೋಧವನ್ನು ನಾಲ್ಕು ಗೆರೆಗಳಿಗೆ ಹೋಲಿಸಿದ್ದಾರೆ: ಕಲ್ಲಿನ ಮೇಲಿನ ಗೆರೆ, ನೆಲದ ಮೇಲಿನ ಬಿರುಕು, ಧೂಳಿನ ಮೇಲಿನ ಗೆರೆ, ನೀರಿನ ಮೇಲಿನ ಗೆರೆ. ಕಷಾಯದ ವಾಸನಾಕಾಲವನ್ನೂ ಅದೇ ಗ್ರಂಥ ಹೇಳುತ್ತದೆ: ಸಂಜ್ವಲನಕ್ಕೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು, ಅನಂತಾನುಬಂಧಿಗೆ ಭವಭವಾಂತರಗಳು. ಶ್ವೇತಾಂಬರ ಕರ್ಮಗ್ರಂಥಗಳಲ್ಲಿ ಕಾಲಮಾನ ಸ್ವಲ್ಪ ಬೇರೆ: ಪಕ್ಷ, ನಾಲ್ಕು ತಿಂಗಳು, ವರ್ಷ, ಜೀವಮಾನ. ಗಣನೆಯಲ್ಲಿ ಭೇದವಿದ್ದರೂ ತತ್ತ್ವ ಒಂದೇ.

ಇದನ್ನು ಪ್ರತಿಕ್ರಮಣದ ಕ್ರಮದೊಡನೆ ಇಟ್ಟು ನೋಡಿದರೆ ಹಿರಿಯರ ವಿವೇಕ ಬೆಳಗುತ್ತದೆ. ದೈವಸಿಕ, ರಾತ್ರಿಕ, ಪಾಕ್ಷಿಕ, ಚಾತುರ್ಮಾಸಿಕ, ಸಾಂವತ್ಸರಿಕ ಎಂಬ ಪ್ರತಿಕ್ರಮಣಗಳು ಒಂದೊಂದೂ ಒಂದೊಂದು ಗಡಿಕಲ್ಲಿನಂತೆ ನಿಂತಿವೆ. ಕೋಪವು ಮುಂದಿನ ದರ್ಜೆಗೆ ಬಲಿಯುವ ಮುನ್ನ ಅದನ್ನು ತಡೆದು ವಿಚಾರಿಸಲು ಒಂದೊಂದು ದಿನ ಗೊತ್ತಾಗಿದೆ. ಸಂವತ್ಸರಿಯನ್ನೂ ದಾಟಿ ಉಳಿದ ವೈರವು ಕಲ್ಲಿನ ಗೆರೆಯಾಗುತ್ತದೆ. ಮರುಭೂತಿಯ ಮೇಲೆ ಕಮಠನು ಇಟ್ಟುಕೊಂಡ ವೈರವು ಜನ್ಮಜನ್ಮಾಂತರಗಳಲ್ಲಿ ಬೆನ್ನಟ್ಟಿ ಬಂದು, ಪಾರ್ಶ್ವನಾಥ ಸ್ವಾಮಿಗಳ ತಪಸ್ಸಿಗೂ ಉಪಸರ್ಗವಾದ ಕಥೆ ನಮಗೆಲ್ಲ ತಿಳಿದದ್ದೇ.

ನಮ್ಮ ಅಡಿಗೆಮನೆಯ ನೀರಿನ ನಿಯಮವೂ ಇದೇ ಪಾಠ ಹೇಳುತ್ತದೆ. ಸೋಸಿದ ನೀರಿಗೆ ಒಂದು ಮುಹೂರ್ತ, ಅಂದರೆ 48 ನಿಮಿಷಗಳ ಅವಧಿ. ಚೆನ್ನಾಗಿ ಕುದಿಸಿ ಆರಿಸಿದ ನೀರಿಗೆ 24 ಗಂಟೆ ಎಂಬುದು ದಿಗಂಬರ ಶ್ರಾವಕರ ರೂಢಿ. ಶ್ವೇತಾಂಬರರಲ್ಲಿ ಕುದಿಸಿದ ನೀರಿನ ಅವಧಿಯು ಮಳೆಗಾಲದಲ್ಲಿ ಮೂರು, ಚಳಿಗಾಲದಲ್ಲಿ ನಾಲ್ಕು, ಬೇಸಿಗೆಯಲ್ಲಿ ಐದು ಪ್ರಹರ. ಒಮ್ಮೆ ಕುದಿಸಿ ಆರಿಸಿದ ಮಾತ್ರಕ್ಕೆ ನೀರು ಎಂದೆಂದಿಗೂ ಪ್ರಾಸುಕವಲ್ಲ. ಶಾಂತಿಗೂ ಅವಧಿಯಿದೆ, ಅದನ್ನು ದಿನದಿನವೂ ಹೊಸದಾಗಿ ಸಂಪಾದಿಸಬೇಕು.

ಬಾಹುಬಲಿಯ ಶಲ್ಯ

ತಣ್ಣಗಾಗಿಯೂ ಆರದಿದ್ದ ಮನಸ್ಸಿನ ಅತ್ಯುತ್ತಮ ನಿದರ್ಶನ ನಮ್ಮ ನಾಡಿನಲ್ಲಿಯೇ ಕಲ್ಲಾಗಿ ನಿಂತಿದೆ. ಭರತನನ್ನು ಎತ್ತಿ ಹಿಡಿದ ಬಾಹುಬಲಿ ಅವನನ್ನು ನೆಲಕ್ಕೆ ಅಪ್ಪಳಿಸಲಿಲ್ಲ. ಆ ಕ್ಷಣದಲ್ಲಿ ಕ್ರೋಧ ಇಳಿಯಿತು. ರಾಜ್ಯ ಬಿಟ್ಟ, ವಸ್ತ್ರ ಬಿಟ್ಟ, ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತ. ಬಳ್ಳಿಗಳು ಹಬ್ಬಿದವು, ಹುತ್ತಗಳೆದ್ದವು. ಇದಕ್ಕಿಂತ ತಂಪಾದ ದೃಶ್ಯ ಇನ್ನಾವುದು? ಆದರೂ ಕೇವಲಜ್ಞಾನ ಬರಲಿಲ್ಲ. ಜನಪ್ರಿಯವಾದ ಕಥನದಲ್ಲಿ ‘ಭರತನ ನೆಲದ ಮೇಲೆ ನಿಂತಿದ್ದೇನೆ’ ಎಂಬ ಶಲ್ಯ ಅವನ ಎದೆಯಲ್ಲಿ ಉಳಿದಿತ್ತು. ಶ್ವೇತಾಂಬರರ ಕಥೆಯಲ್ಲಿ ಸೋದರಿಯರಾದ ಬ್ರಾಹ್ಮಿ, ಸುಂದರಿಯರು ಬಂದು, ಅಹಂಕಾರವೆಂಬ ಆನೆಯಿಂದ ಇಳಿಯೆಂದು ಎಚ್ಚರಿಸುತ್ತಾರೆ.

ಇಲ್ಲಿ ನಾವು ಗಮನಿಸಬೇಕಾದುದು ಆ ಶಲ್ಯವು ಹೇಗೆ ಹೋಯಿತು ಎಂಬುದನ್ನು. ಇನ್ನೊಂದು ವರ್ಷ ನಿಂತದ್ದರಿಂದ ಅಲ್ಲ. ಭರತನೇ ಬಂದು ನಮಿಸಿದಾಗ, ಅಥವಾ ಸೋದರಿಯರೇ ಬಂದು ಮಾತಾಡಿದಾಗ. ಕಾಲವೊಂದೇ ಅದನ್ನು ತೆಗೆಯಲಿಲ್ಲ, ಮೌನವೊಂದೇ ತೆಗೆಯಲಿಲ್ಲ. ಸಂಬಂಧಪಟ್ಟವರು ಎದುರಿಗೆ ಬರಬೇಕಾಯಿತು. ‘ಕಾಲವೇ ಎಲ್ಲವನ್ನೂ ತಣ್ಣಗಾಗಿಸುತ್ತದೆ’ ಎಂಬ ನಮ್ಮ ಲೋಕಾಭಿರಾಮದ ಮಾತಿಗೆ ಬಾಹುಬಲಿಯ ಕಥೆಯೇ ಪ್ರತ್ಯುತ್ತರ.

ಯಾರ ಬಿಸಿ, ಯಾರ ತಂಪು?

ಈವರೆಗಿನ ವಿಚಾರ ನಮ್ಮ ಕೋಪವನ್ನು ನಾವೇ ತಣಿಸಿಕೊಳ್ಳುವುದನ್ನು ಕುರಿತದ್ದು. ‘ಕೂಲ್ ಡೌನ್’ ಎಂಬುದನ್ನು ಇನ್ನೊಬ್ಬರಿಗೆ ಆಜ್ಞೆಯಾಗಿ ಹೇಳಿದಾಗ ಬೇರೊಂದು ಪ್ರಶ್ನೆ ಏಳುತ್ತದೆ. ಅನ್ಯಾಯಕ್ಕೆ ಒಳಗಾದವನಿಗೆ ‘ತಣ್ಣಗಿರು’ ಎನ್ನುವುದು ಧರ್ಮೋಪದೇಶವೋ, ಅಥವಾ ಅವನ ಬಾಯಿ ಮುಚ್ಚಿಸುವ ಉಪಾಯವೋ? ಈ ಪ್ರಶ್ನೆಗೆ ನಮ್ಮ ಚಿಕ್ಕಬಳ್ಳಾಪುರ ಸೀಮೆಯ ಇತಿಹಾಸವೇ ಎರಡು ಬಗೆಯ ಉದಾಹರಣೆಗಳನ್ನು ಒದಗಿಸುತ್ತದೆ.

1927ರಲ್ಲಿ ರಕ್ತದೊತ್ತಡದಿಂದ ಬಳಲಿದ್ದ ಮಹಾತ್ಮ ಗಾಂಧಿಯವರು ವೈದ್ಯರ ಸಲಹೆಯಂತೆ ನಂದಿ ಬೆಟ್ಟಕ್ಕೆ ಬಂದು ವಿಶ್ರಾಂತಿ ಪಡೆದರು. 1936ರಲ್ಲಿ ಮತ್ತೆ ಬಂದರು. 1478 ಮೀಟರ್ ಎತ್ತರದ ಈ ಬೆಟ್ಟದ ತಂಪು ಹವೆಗೆ ಅದಕ್ಕೂ ಮೊದಲೇ, ಹತ್ತೊಂಬತ್ತನೆಯ ಶತಮಾನದಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಅವರು ಬೇಸಿಗೆಯ ಬಂಗಲೆ ಕಟ್ಟಿಸಿದ್ದರು. ಶ್ರೀಮದ್ ರಾಜಚಂದ್ರರಿಂದ ಅಹಿಂಸೆಯ ಆಳವನ್ನು ಅರಿತಿದ್ದ ಗಾಂಧಿಯವರಿಗೆ ಬೆಟ್ಟದ ತಂಪು ಕೆಲಸವನ್ನು ಕೈಬಿಡಲು ನೆಪವಾಗಲಿಲ್ಲ. ಚೇತರಿಸಿಕೊಂಡ ಕೂಡಲೇ ಮೈಸೂರು ಸಂಸ್ಥಾನದಲ್ಲಿ ಖಾದಿ ಪ್ರವಾಸ ಕೈಗೊಂಡರು. ದೇಹದ ಬಿಸಿ ಇಳಿಯಿತು, ಕಾರ್ಯದ ಕಾವು ಇಳಿಯಲಿಲ್ಲ.

ಗೌರಿಬಿದನೂರಿನ ಸಮೀಪದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು, ರಾಷ್ಟ್ರಧ್ವಜ ಹಾರಿಸುವ ಸಂಬಂಧದ ನಿಷೇಧವನ್ನು ಮೀರಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಸರಕಾರದ ಲೆಕ್ಕದಲ್ಲಿ 10, ಜನರ ಲೆಕ್ಕದಲ್ಲಿ 30ಕ್ಕೂ ಹೆಚ್ಚು. ಇಡೀ ಸಂಸ್ಥಾನ ಕುದಿಯಿತು. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರಿಗೆ ಬಂದು ದಿವಾನ್ ಸರ್ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆ ನಡೆಸಿದರು. ಆ ಒಪ್ಪಂದದಲ್ಲಿ ಕಾಂಗ್ರೆಸ್ ಸಂಸ್ಥೆಗೆ ಮನ್ನಣೆ ದೊರೆಯಿತು, ಧ್ವಜಕ್ಕೂ ಅವಕಾಶ ದೊರೆಯಿತು. ಜನರಿಗೆ ಬರಿದೇ ‘ತಣ್ಣಗಾಗಿರಿ’ ಎನ್ನಲಿಲ್ಲ. ಬಿಸಿಗೆ ಕಾರಣವಾದ ಒಂದು ಕೊಳ್ಳಿಯನ್ನಾದರೂ ಒಲೆಯಿಂದ ಹೊರಗೆಳೆದರು. ಆದರೆ ಜವಾಬ್ದಾರಿ ಸರಕಾರದ ಬೇಡಿಕೆ ಉಳಿದೇ ಇತ್ತು. ಅದಕ್ಕಾಗಿ 1947ರ ‘ಮೈಸೂರು ಚಲೋ’ ಚಳವಳಿ ಬೇಕಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿತು. ಅಜ್ಜಿಯ ಮಾತಿನಲ್ಲಿ ಹೇಳುವುದಾದರೆ, 1938ರಲ್ಲಿ ಜ್ವರ ಇಳಿಯಿತು, 1947ರಲ್ಲಿ ಬಿಟ್ಟಿತು.

ಇದಕ್ಕೆ ವ್ಯತಿರಿಕ್ತವಾದ ಇನ್ನೊಂದು ಸಂಗತಿಯನ್ನು ನೋವಿನಿಂದಲೇ ನೆನೆಯಬೇಕಾಗಿದೆ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ನೇ ಇಸವಿಯ ಮಾರ್ಚ್ 11ರ ರಾತ್ರಿ 7 ಮಂದಿ ದಲಿತರು ಬೆಂಕಿಗೆ ಆಹುತಿಯಾದರು. ಸಾಕ್ಷಿಗಳು ಪ್ರತಿಕೂಲವಾಗಿ ನುಡಿದರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳೆಲ್ಲರನ್ನೂ ಬಿಡುಗಡೆ ಮಾಡಿತು, 2014ರಲ್ಲಿ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕಾನೂನಿನ ದೃಷ್ಟಿಯಲ್ಲಿ ಪ್ರಕರಣ ತಣ್ಣಗಾಯಿತು. ಆದರೆ 7 ಜೀವಗಳನ್ನು ಸುಟ್ಟವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಉತ್ತರವಿಲ್ಲದೆ ಬಂದ ಈ ತಂಪನ್ನು ಶಾಂತಿ ಎನ್ನಬಹುದೇ? ಇದು ಕತಕವೂ ಅಲ್ಲ, ಬೇರೆ ಪಾತ್ರೆಯೂ ಅಲ್ಲ, ಕೇವಲ ಬೂದಿ. ಏಕೇಂದ್ರಿಯ ಜೀವದ ನೋವಿಗೂ ಮನ ಮಿಡಿಯಬೇಕೆಂದು ಕಲಿಸಿದ ಧರ್ಮದವರಾದ ನಾವು, ನಮ್ಮ ಅಂಗಡಿ ಮುಂಗಟ್ಟುಗಳಿರುವ ತಾಲ್ಲೂಕಿನಲ್ಲಿಯೇ ನಡೆದ ಪಂಚೇಂದ್ರಿಯ ಜೀವಗಳ ಈ ದಹನವನ್ನು ‘ಹಳೆಯ ವಿಷಯ’ ಎಂದು ಬದಿಗಿಡುವುದು ಉಪಶಮವಲ್ಲ, ಉಪೇಕ್ಷೆ.

ಆದ್ದರಿಂದ ಇಲ್ಲಿ ಒಂದು ವಿವೇಕಸೂತ್ರವನ್ನು ಕಂಡುಕೊಳ್ಳಬಹುದು. ತಣಿಸುವುದು ಎಂಬುದು ನಮ್ಮ ಕೋಪದ ಮೇಲೆ ನಾವು ಮಾಡಬೇಕಾದ ಕ್ರಿಯೆ. ಇತರರ ನೋವಿನ ಎದುರಿನಲ್ಲಿ ನಮ್ಮ ಕರ್ತವ್ಯ ಅವರನ್ನು ತಣಿಸುವುದಲ್ಲ, ಅವರ ನೋವಿನ ಕಾರಣವನ್ನು ತೆಗೆಯುವುದು. ಇವೆರಡನ್ನು ನಾವು ಅದಲುಬದಲು ಮಾಡಿಕೊಂಡಿದ್ದೇವೆ: ನಮ್ಮ ಕೋಪಕ್ಕೆ ಕಾರಣಗಳನ್ನು ಹುಡುಕುತ್ತೇವೆ, ಇತರರ ಕೋಪಕ್ಕೆ ತಣ್ಣೀರು ಸುರಿಯುತ್ತೇವೆ.

ತಣ್ಣಗಾಗಿ ಕೈ ಸೇರುವ ವಸ್ತು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ರಾಜ್ಯದಲ್ಲೆಲ್ಲ ಹೆಸರಾದುದು. ಅಲ್ಲಿ ಕೊಂಡ ಗೂಡುಗಳನ್ನು ನೂಲು ಬಿಚ್ಚುವ ಮನೆಗಳಲ್ಲಿ ಕುದಿನೀರಿಗೆ ಹಾಕುತ್ತಾರೆ. ಎಳೆಯನ್ನು ಹಿಡಿದಿರುವ ಅಂಟು ಸಡಿಲುತ್ತದೆ, ಒಳಗಿನ ಪ್ಯೂಪಾ ಸಾಯುತ್ತದೆ. ಬಿಸಿನೀರಿನಲ್ಲಿ ಎಳೆ ಹುಡುಕುವ ಕೆಲಸಗಾರರ ಬೆರಳುಗಳೂ ಬೇಯುತ್ತವೆ. ಆದರೆ ಸೀರೆಯಾಗಿ, ಶಲ್ಯವಾಗಿ ನಮ್ಮ ಕೈ ಸೇರುವಷ್ಟರಲ್ಲಿ ಅದು ತಣ್ಣಗೆ, ನುಣ್ಣಗೆ, ನಿರಪರಾಧಿಯಂತೆ ಇರುತ್ತದೆ. ಪೂಜೆಯಲ್ಲಿ ರೇಷ್ಮೆ ಬೇಡವೆಂದು ನಮ್ಮಲ್ಲಿ ಅನೇಕರು ಬಿಟ್ಟಿರುವುದು ಯೋಗ್ಯವೇ. ಅದಕ್ಕಾಗಿ ಹೊಟ್ಟೆಪಾಡಿಗೆ ದುಡಿಯುವ ನೂಲು ಬಿಚ್ಚುವವರನ್ನು ಹಳಿಯುವುದು ಯೋಗ್ಯವಲ್ಲ. ಕೃತದಷ್ಟೇ ಕಾರಿತ, ಅನುಮೋದನೆಗಳೂ ಆಸ್ರವಕ್ಕೆ ಕಾರಣವೆಂದು ನಮ್ಮ ಶಾಸ್ತ್ರವೇ ಹೇಳುತ್ತದೆ. ಇಲ್ಲಿಯ ಪಾಠ ರೇಷ್ಮೆಗೆ ಮಾತ್ರ ಸಂಬಂಧಿಸಿದ್ದಲ್ಲ. ಬಿಸಿ ಕಣ್ಣಿಗೆ ಬೀಳದ ದೂರದಲ್ಲಿ ನಿಂತವರಿಗೆ ತಣ್ಣಗಿರುವುದು ಸುಲಭ. ಅದು ಪುಣ್ಯದ ಗುರುತಲ್ಲ, ದೂರದ ಗುರುತು.

ಆರು ತಿಂಗಳ ಅವಧಿ

ಕಾನೂನು ಕೂಡ ತಣಿಯುವ ಕಾಲವನ್ನು ಬಲ್ಲುದು. ಜೈನರಿಗೂ ಅನ್ವಯಿಸುವ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಸೇರಿದ 13-ಬಿ ಪ್ರಕರಣವು, ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕಿದ ದಂಪತಿಗಳು ಎರಡನೆಯ ಬಾರಿ ನ್ಯಾಯಾಲಯದ ಮುಂದೆ ಬರುವ ಮೊದಲು ಆರು ತಿಂಗಳು ಕಾಯಬೇಕೆಂದು ವಿಧಿಸುತ್ತದೆ. ವಕೀಲರು ಇದನ್ನು ‘ಕೂಲಿಂಗ್ ಆಫ್’ ಅವಧಿ ಎನ್ನುತ್ತಾರೆ. ಗೊಮ್ಮಟಸಾರವು ಅಪ್ರತ್ಯಾಖ್ಯಾನ ಕಷಾಯಕ್ಕೆ ಹೇಳಿದ ಆರು ತಿಂಗಳಿಗೂ ಇದಕ್ಕೂ ಸಂಬಂಧವೇನೂ ಇಲ್ಲ. ಆದರೂ ಹೋಲಿಕೆ ಮನಸ್ಸಿಗೆ ಹಿಡಿಸುವಂತಹದು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಅವಧಿ ಕಡ್ಡಾಯವಲ್ಲ, ರಾಜಿಯ ಸಾಧ್ಯತೆಯೇ ಇಲ್ಲದ ಸಂದರ್ಭಗಳಲ್ಲಿ ಅದನ್ನು ಮನ್ನಾ ಮಾಡಬಹುದು ಎಂದು ತೀರ್ಪಿತ್ತಿತು. ಇದು ವಿವೇಕದ ಮಾತು. ಕಾಯುವುದರಿಂದ ಗಾಯ ಆರುವುದಾದರೆ ಕಾಯಬೇಕು. ಕೇವಲ ನೋವು ಬೆಳೆಯುವುದಾದರೆ ಕಾಯುವುದೇ ಹಿಂಸೆ. ಹಿಂಸೆಗೆ ಒಳಗಾದ ಹೆಣ್ಣುಮಗಳಿಗೆ ‘ಸ್ವಲ್ಪ ತಣ್ಣಗಾಗಲಿ, ಆಮೇಲೆ ನೋಡೋಣ’ ಎಂದು ಹಿರಿಯರು ತಿಂಗಳುಗಟ್ಟಲೆ ಮುಂದೂಡುವುದನ್ನು ಈ ಬೆಳಕಿನಲ್ಲಿ ಪರಿಶೀಲಿಸಬೇಕು.

ಶ್ರಾವಕನಿಗೆ ಸಾಧ್ಯವಾದದ್ದು

ಇಲ್ಲಿ ಒಂದು ಆಕ್ಷೇಪ ಏಳಬಹುದು. ಈ ಪಂಚಮಕಾಲದಲ್ಲಿ ನಮ್ಮ ಭರತಕ್ಷೇತ್ರದಿಂದ ಕ್ಷಪಕ ಶ್ರೇಣಿಯನ್ನು ಏರುವುದು ಮುನಿಗಳಿಗೂ ಸಾಧ್ಯವಿಲ್ಲವೆಂದು ಆಗಮ ಹೇಳುತ್ತದೆ. ಹಾಗಿರುವಾಗ ಗೃಹಸ್ಥನಿಗೆ ಕ್ಷಯದ ಮಾತೇಕೆ? ಅಡಗಿಸಿಟ್ಟುಕೊಂಡರೆ ಸಾಲದೇ?

ಉತ್ತರವು ಆ ಮೂರನೆಯ ಭಾವದಲ್ಲಿದೆ. ಮಿಶ್ರ ಅಥವಾ ಕ್ಷಯೋಪಶಮವೆಂಬುದು ಕೆಲವಂಶ ಕ್ಷಯ, ಕೆಲವಂಶ ಉಪಶಮ. ಇದಕ್ಕೆ ಅಕಲಂಕದೇವರು ‘ರಾಜವಾರ್ತಿಕ’ದಲ್ಲಿ ಹಾರಕ ಧಾನ್ಯವನ್ನು ಹೋಲಿಕೆಯಾಗಿ ಕೊಟ್ಟಿದ್ದಾರೆ. ಹಾರಕಕ್ಕೆ ಅಮಲೇರಿಸುವ ಗುಣವಿದೆ. ತೊಳೆದಂತೆಲ್ಲ ಅದರ ಶಕ್ತಿ ಕೊಂಚ ಕುಗ್ಗುತ್ತದೆ, ಕೊಂಚ ಉಳಿಯುತ್ತದೆ. ಗೃಹಸ್ಥನ ಸಾಧನೆ ಇದೇ: ಪ್ರತಿ ಬಾರಿ ಕೋಪ ತಣ್ಣಗಾದಾಗಲೂ ಅಷ್ಟಕ್ಕೇ ನಿಲ್ಲದೆ, ಕಾರಣದ ಒಂದು ಅಂಶವನ್ನಾದರೂ ತೊಳೆದು ಚೆಲ್ಲುವುದು. ಮೊದಲು ಬಿಸಿ ಇಳಿಯಬೇಕು, ಅದರಲ್ಲಿ ಸಂದೇಹವಿಲ್ಲ. ಕದಡಿದ ನೀರನ್ನು ಬಗ್ಗಿಸಿದರೆ ಕೆಸರೂ ಜೊತೆಗೇ ಬರುತ್ತದೆ. ಉಪಶಮವು ಬೇಕೇ ಬೇಕು. ಆದರೆ ಅದು ಬಗ್ಗಿಸುವುದಕ್ಕೆ ದೊರೆತ ಸಮಯ, ಮಲಗುವುದಕ್ಕೆ ದೊರೆತ ಸಮಯವಲ್ಲ.

ನಮ್ಮ ಬಸದಿ, ಮಂದಿರಗಳ ಆಡಳಿತ ಮಂಡಳಿಗಳಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಲೆಕ್ಕಪತ್ರದ ಬಗ್ಗೆ, ಪೂಜೆಯ ಸರದಿಯ ಬಗ್ಗೆ, ಬೋಲಿಯ ಹಣದ ಬಗ್ಗೆ, ಪಂಥಭೇದದ ಬಗ್ಗೆ ಸಭೆಯಲ್ಲಿ ಮಾತು ಬಿಸಿಯೇರುವುದು ಹೊಸದಲ್ಲ. ‘ಈಗ ಬೇಡ, ತಣ್ಣಗಾಗಲಿ’ ಎಂದು ಸಭೆ ಮುಂದೂಡುವುದೂ ಹೊಸದಲ್ಲ. ಮುಂದೂಡುವುದು ತಪ್ಪಲ್ಲ, ದಿನಾಂಕವಿಲ್ಲದೆ ಮುಂದೂಡುವುದು ತಪ್ಪು. ಪ್ರಶ್ನೆ ಕೇಳಿದವನ ಧ್ವನಿ ಏರಿತ್ತು ಎಂಬುದನ್ನು ನೆಪವಾಗಿಸಿಕೊಂಡು ಪ್ರಶ್ನೆಯನ್ನೇ ಬದಿಗಿಟ್ಟರೆ, ಮುಂದಿನ ಪಂಚಕಲ್ಯಾಣದ ಹೊತ್ತಿಗೆ ಅದೇ ಕೆಸರು ಮೇಲೇಳುತ್ತದೆ. ಹಿರಿಯರು ಹೇಳಿದ ಪಕ್ಷದ ಗಡಿಯನ್ನೇ ನಿಯಮವಾಗಿಸಿಕೊಳ್ಳಬಹುದು: ವಿವಾದವೆದ್ದ ದಿನದಿಂದ ಹದಿನೈದು ದಿನಗಳೊಳಗೆ ಇಬ್ಬರನ್ನೂ ಎದುರಿಗೆ ಕೂರಿಸಿ, ಪುಸ್ತಕ ತೆರೆದು, ಉತ್ತರ ಕೊಡುವುದು. ಅಧಿಕಾರದಲ್ಲಿರುವವರು ಮೊದಲು ಬಾಗುವುದು. ಭರತ ಚಕ್ರವರ್ತಿಯೇ ಬಾಗಿದನೆಂಬುದನ್ನು ನೆನೆದರೆ ಅಧ್ಯಕ್ಷರಿಗೆ ಅದು ಕಷ್ಟವಾಗಲಾರದು.

ಕುಟುಂಬಗಳಲ್ಲಿಯೂ ಹಾಗೆಯೇ. ದಶಲಕ್ಷಣ ಪರ್ವದ ಮೊದಲನೆಯ ದಿನ ಉತ್ತಮ ಕ್ಷಮೆಗೆ ಮೀಸಲು. ಪರ್ಯುಷಣದ ಕೊನೆಯ ದಿನ ಸಂವತ್ಸರಿ. ಆ ದಿನಗಳಲ್ಲಿ ನಾವು ‘ಮಿಚ್ಛಾಮಿ ದುಕ್ಕಡಂ’ ಎಂದು ಊರಿಗೆಲ್ಲ ಸಂದೇಶ ಕಳುಹಿಸುತ್ತೇವೆ. ಎಂದೂ ನೋಯಿಸದವರ ಕ್ಷಮೆ ಕೇಳುವುದು ಅತಿ ಸುಲಭ. ಆಸ್ತಿಯ ಪಾಲಿನಲ್ಲಿ ಮಾತು ಬಿಟ್ಟ ಅಣ್ಣನ ಮನೆಯ ಬಾಗಿಲು, ಕೂಲಿ ಬಾಕಿ ಉಳಿಸಿಕೊಂಡ ಆಳಿನ ಮನೆಯ ಬಾಗಿಲು, ಎಲ್ಲರೆದುರು ಅವಮಾನಿಸಿದ ಸೊಸೆಯ ಕೋಣೆಯ ಬಾಗಿಲು – ಇವುಗಳನ್ನು ತಟ್ಟುವುದು ಕಷ್ಟ. ತಟ್ಟಿದಾಗ ಬರಿಗೈಯಲ್ಲಿ ಹೋಗಬಾರದು. ಅಣ್ಣನ ಪಾಲು, ಆಳಿನ ಕೂಲಿ, ಸೊಸೆಯ ಗೌರವ ಕೈಯಲ್ಲಿರಬೇಕು. ಕ್ಷಮೆಯ ಮಾತು ಕತಕದ ಬೀಜವಾದರೆ, ಋಣ ತೀರಿಸುವುದು ಪಾತ್ರೆ ಬದಲಾಯಿಸುವುದು.

ಇಷ್ಟಾದ ಮೇಲೂ ಎದುರಿನವರ ಮನಸ್ಸು ತಣಿಯದಿರಬಹುದು. ಅವರನ್ನು ‘ಇನ್ನಾದರೂ ತಣ್ಣಗಾಗಿ’ ಎಂದು ಒತ್ತಾಯಿಸುವ ಹಕ್ಕು ನಮಗಿಲ್ಲ. ಅವರ ಗಾಯ ಆರುವ ಕಾಲವನ್ನು ಅವರ ಗಾಯವೇ ನಿರ್ಣಯಿಸುತ್ತದೆ. ನಮ್ಮ ಪಾಲಿನ ಕೆಸರನ್ನು ನಾವು ತೆಗೆದೆವೇ ಎಂಬುದಷ್ಟೇ ನಮಗೆ ಸಂಬಂಧಿಸಿದ ಪ್ರಶ್ನೆ. ಬರುವ ಪಾಕ್ಷಿಕ ಪ್ರತಿಕ್ರಮಣದ ದಿನ ಪ್ರತಿಯೊಬ್ಬ ಶ್ರಾವಕ, ಶ್ರಾವಿಕೆಯೂ ಒಂದೇ ಒಂದು ಹಳೆಯ ವಿರಸವನ್ನು ಆರಿಸಿಕೊಂಡು, ಅದು ಇಳಿದಿದೆಯೋ ಬಿಟ್ಟಿದೆಯೋ ಎಂದು ತಮ್ಮ ಹಣೆಯನ್ನು ತಾವೇ ಮುಟ್ಟಿ ನೋಡಿಕೊಂಡರೆ, ನಮ್ಮ ಮನೆಗಳಲ್ಲಿಯೂ ಮಂದಿರಗಳಲ್ಲಿಯೂ ಎಷ್ಟೋ ಕೆಂಡಗಳು ಬೂದಿಯ ಕೆಳಗಿನಿಂದ ಹೊರಬಂದು ನಿಜವಾಗಿ ಆರಿಯಾವು. ಎಲ್ಲರ ಹೊಟ್ಟೆಯೂ ತಣ್ಣಗಿರಲಿ.